ದಪ್ಪ ಗೋಡೆಯ ವೆಲ್ಡೆಡ್ ಪೈಪ್: ಲೆಕ್ಕದಿಂದ ಸೈಟ್‌ವರೆಗೆ

ಪೈಪ್ ಅಂಗಡಿಗೆ ಹೋಗಿ 20 ಇಂಚಿನ, 50 ಎಂಎಂ ದಪ್ಪದ ಪೈಪ್ ಕೊಡಿ ಅಂದರೆ ಅಂಗಡಿಯವರು ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಪೈಪ್‌ನ ದಪ್ಪಗಳನ್ನು ಪಟ್ಟಿ ಮಾಡಿದ ಶೆಡ್ಯೂಲ್ ಚಾರ್ಟ್‌ನಲ್ಲಿ ಅದು ಇದ್ದೇ ಇದೆ. 20 ಇಂಚಿಗೆ ಶೆಡ್ಯೂಲ್ 160 ಅಂದರೆ 50.01 ಎಂಎಂ. ಆದರೆ ಚಾರ್ಟ್‌ನಲ್ಲಿ ಇರುವುದೆಲ್ಲ ಗೋಡೌನ್‌ನಲ್ಲಿ ಇರಬೇಕಲ್ವಾ? ಈ ಅಳತೆ ಸೀಮ್‌ಲೆಸ್‌ನಲ್ಲೇ, ಅಂದರೆ ಬೆಸುಗೆ ಇಲ್ಲದ ಪೈಪ್‌ನಲ್ಲೇ ಬೇಕು ಅಂತ ಹಟ ಹಿಡಿದರೆ ಕಾಯಬೇಕು, ದುಡ್ಡೂ ಜಾಸ್ತಿ. 24 ಇಂಚು ದಾಟಿದ ಮೇಲಂತೂ ಸೀಮ್‌ಲೆಸ್ ಸಿಗುವುದೇ ಕಷ್ಟ. ಆಗ ಉಳಿಯುವ ದಾರಿ ಒಂದೇ: ದಪ್ಪ ಪ್ಲೇಟ್ ತಂದು, ಬಗ್ಗಿಸಿ, ಬೆಸೆಯುವುದು.

ಫ್ಯಾಬ್ರಿಕೇಶನ್ ಶಾಪ್‌ಗೆ ಹೊಸದಾಗಿ ಸೇರಿದವರು, ಪೀಣ್ಯದಂಥ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವವರು, ಸೈಟ್‌ನಲ್ಲಿ ಇಂಥ ಪೈಪ್ ಇಳಿಸಿಕೊಳ್ಳಬೇಕಾದ ಎಂಜಿನಿಯರ್‌ಗಳು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ದಪ್ಪ ಇದ್ದರೆ ಗಟ್ಟಿ ಅನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಲೆಕ್ಕದ ಹಾಳೆಯ ಮೇಲೆ ಅದು ಸರಿಯೇ. ಕೆಲಸದಲ್ಲಿ ಮಾತ್ರ 12 ಎಂಎಂ ಪೈಪ್‌ನಲ್ಲಿ ಹೇಗೋ ನಡೆದುಹೋಗುವ ಅಸಡ್ಡೆ, 40 ಎಂಎಂ ಪೈಪ್‌ನಲ್ಲಿ ಬಿರುಕಾಗಿ ಎದುರು ನಿಲ್ಲುತ್ತದೆ.

ಮೊದಲು ಲೆಕ್ಕ ಹಾಕಿ

ಒಳಗಿನ ಒತ್ತಡಕ್ಕೆ ಎಷ್ಟು ದಪ್ಪ ಬೇಕು ಅಂತ ಅಂದಾಜು ಮಾಡಲು ಬಾರ್ಲೋ ಸೂತ್ರ ಸಾಕು. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಸ್ಟೀಲ್ ಮೇಲೆ ಹಾಕಬಹುದಾದ ಸ್ಟ್ರೆಸ್‌ನ ಎರಡು ಪಟ್ಟಿನಿಂದ ಭಾಗಿಸಿ. ಬರುವುದು ದಪ್ಪ. ಒತ್ತಡ ಮತ್ತು ಸ್ಟ್ರೆಸ್ ಎರಡೂ ಮೆಗಾಪಾಸ್ಕಲ್‌ನಲ್ಲಿರಲಿ. ವ್ಯಾಸವನ್ನು ಎಂಎಂನಲ್ಲಿ ಹಾಕಿದರೆ ಉತ್ತರವೂ ಎಂಎಂನಲ್ಲೇ ಬರುತ್ತದೆ.

ನಮ್ಮ ಶರಾವತಿ ವಿದ್ಯುದಾಗಾರ ನೆನಪಿಸಿಕೊಳ್ಳಿ. 103.5 ಮೆಗಾವಾಟ್‌ನ ಹತ್ತು ಘಟಕಗಳು, ಒಟ್ಟು 1035 ಮೆಗಾವಾಟ್. ಗುಡ್ಡದ ಮೇಲಿಂದ ನೀರನ್ನು ಟರ್ಬೈನ್‌ಗೆ ಇಳಿಸುವ ಆ ದೊಡ್ಡ ಕೊಳವೆಗಳೇ ಪೆನ್‌ಸ್ಟಾಕ್. ಅಂಥ ಒಂದು ಪೆನ್‌ಸ್ಟಾಕ್ ಅಂದುಕೊಳ್ಳಿ, ಅಳತೆಗಳು ನಾನು ಲೆಕ್ಕಕ್ಕೆ ಹಾಕಿಕೊಂಡವು, ಶರಾವತಿಯವಲ್ಲ. ವ್ಯಾಸ 2000 ಎಂಎಂ, ನೀರು ಇಳಿಯುವ ಎತ್ತರ 400 ಮೀಟರ್. ಪ್ರತಿ 100 ಮೀಟರ್‌ಗೆ ಸುಮಾರು 9.8 ಬಾರ್ ಅಂದರೆ ಕೆಳಗಿನ ತುದಿಯಲ್ಲಿ 39 ಬಾರ್, ಅಂದರೆ ಹತ್ತಿರ ಹತ್ತಿರ 4 ಮೆಗಾಪಾಸ್ಕಲ್. ವಾಲ್ವ್ ಫಕ್ಕನೆ ಮುಚ್ಚಿದಾಗ ನೀರು ಗೋಡೆಗೆ ಬಡಿಯುತ್ತದೆ, ಅದೇ ವಾಟರ್ ಹ್ಯಾಮರ್. ಅದಕ್ಕೆ ಶೇ 30 ಸೇರಿಸಿದರೆ 5.2. ಐಎಸ್ 2062ರ ಇ250 ಸ್ಟೀಲ್ ತಗೊಂಡು ಸ್ಟ್ರೆಸ್ 140ಕ್ಕೆ ಮಿತಿ ಹಾಕಿದರೆ ದಪ್ಪ 37 ಎಂಎಂ ಬರುತ್ತದೆ. ತುಕ್ಕಿಗೆ ಅಂತ 2 ಎಂಎಂ ಬಿಟ್ಟರೆ 40 ಎಂಎಂ ಪ್ಲೇಟ್.

ಈಗ ಅದೇ ಲೆಕ್ಕವನ್ನು ಇ350 ಸ್ಟೀಲ್‌ಗೆ ಹಾಕಿ. 250ಕ್ಕೆ 140 ಅನ್ನುವ ಅದೇ ಅನುಪಾತದಲ್ಲಿ 350ಕ್ಕೆ ಸ್ಟ್ರೆಸ್ 196 ಆಗುತ್ತದೆ, ದಪ್ಪ 26.5ಕ್ಕೆ ಇಳಿಯುತ್ತದೆ. ತುಕ್ಕಿನದ್ದು ಸೇರಿಸಿ 30 ಎಂಎಂ ಪ್ಲೇಟ್ ಸಾಕು. 10 ಎಂಎಂ ಉಳಿಯಿತು. ಅದು ಬರೀ ಸ್ಟೀಲ್‌ನ ಉಳಿತಾಯ ಅಂದುಕೊಳ್ಳಬೇಡಿ, ವೆಲ್ಡಿಂಗ್‌ನಲ್ಲಿ ಉಳಿಯುವುದು ಇನ್ನೂ ದೊಡ್ಡದು. ಲೆಕ್ಕ ಮುಂದೆ ಬರುತ್ತದೆ. ನನ್ನ ಕೇಳಿದರೆ, ದಪ್ಪ ಹೆಚ್ಚಿಸುವ ಮೊದಲು ಗ್ರೇಡ್ ಹೆಚ್ಚಿಸಲು ಆಗುತ್ತದಾ ಅಂತ ಡಿಸೈನರ್‌ನ ಒಂದು ಸಲ ಕೇಳಲೇಬೇಕು.

ವ್ಯಾಸವನ್ನು ದಪ್ಪದಿಂದ ಭಾಗಿಸಿದಾಗ 20ಕ್ಕಿಂತ ಕಡಿಮೆ ಬಂದರೆ ಬಾರ್ಲೋ ಬಿಡಿ. ಅಷ್ಟು ದಪ್ಪ ಗೋಡೆಯಲ್ಲಿ ಒಳ ಮೈಯಲ್ಲಿ ಸ್ಟ್ರೆಸ್ ಜಾಸ್ತಿ, ಹೊರ ಮೈಯಲ್ಲಿ ಕಡಿಮೆ. ಅದಕ್ಕೆ ಲಾಮೆ ಸೂತ್ರ ಬೇಕು.

ಒಳಗಿನ ಒತ್ತಡ ಒಂದೇ ಕಾರಣ ಅಲ್ಲ. ಬಾಂಬೆ ಹೈನಂಥ ಕಡೆ ಸಮುದ್ರದಲ್ಲಿ ನಿಂತಿರುವ ತೈಲ ವೇದಿಕೆಗಳ ಕಾಲುಗಳು, ಸೇತುವೆ ಮತ್ತು ಬಂದರಿನ ಪೈಲ್‌ಗಳು, ಗಾಳಿ ಯಂತ್ರಗಳನ್ನು ಸಮುದ್ರತಳದಲ್ಲಿ ನಿಲ್ಲಿಸುವ ಮೊನೊಪೈಲ್‌ಗಳು, ಇವೆಲ್ಲ ಭಾರ ಮತ್ತು ಬಾಗುವಿಕೆಗಾಗಿ ದಪ್ಪ ಇರುತ್ತವೆ. ಬಾಲ್ಟಿಕ್ ಸಮುದ್ರದ ನಾರ್ಡ್ ಸ್ಟ್ರೀಮ್ ಗ್ಯಾಸ್ ಪೈಪ್‌ನ ಗೋಡೆ 26.8ರಿಂದ 41 ಎಂಎಂವರೆಗೆ ಇದೆ. ದಾರಿಯುದ್ದಕ್ಕೂ ಗ್ಯಾಸ್ ಒತ್ತಡ ಇಳಿಯುತ್ತಾ ಹೋಗುವುದರಿಂದ ದಪ್ಪವನ್ನೂ ಇಳಿಸುತ್ತಾ ಹೋಗಿದ್ದಾರೆ. ಆದರೆ ಒಳ ವ್ಯಾಸ ಮಾತ್ರ ಎಲ್ಲ ಕಡೆಯೂ 1153 ಎಂಎಂ, ಸ್ವಚ್ಛ ಮಾಡಲು, ತಪಾಸಣೆಗೆ ಒಳಗೆ ಓಡಿಸುವ ಪಿಗ್ ಅನ್ನುವ ಸಾಧನ ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು ನೋಡಿ. ನಿಮ್ಮ ಲೈನ್‌ನಲ್ಲೂ ಪಿಗ್ ಓಡುವುದಿದ್ದರೆ ಆರ್ಡರ್‌ನಲ್ಲಿ ಹೊರ ವ್ಯಾಸ ಬರೆಯದೆ ಒಳ ವ್ಯಾಸ ಬರೆಯಿರಿ.

ಯಾವ ರೀತಿಯಲ್ಲಿ ಮಾಡಿಸುವುದು

ಕರೆಂಟ್‌ನ ಬಿಸಿಯಲ್ಲೇ ಅಂಚುಗಳನ್ನು ಒತ್ತಿ ಬೆಸೆಯುವ ಇಆರ್‌ಡಬ್ಲ್ಯೂ ಇಲ್ಲಿ ಲೆಕ್ಕಕ್ಕಿಲ್ಲ, ಅದು ತೆಳು ಗೋಡೆಯ ಆಟ. ಮಂಡ್ಯದ ಬಳಿ ಸ್ಪೈರಲ್ ಪೈಪ್ ಮಾಡುವ ಕಾರ್ಖಾನೆ ಇದೆ, ನೀರಿನ ದೊಡ್ಡ ಲೈನ್‌ಗಳಿಗೆ ಸ್ಪೈರಲ್ ಒಳ್ಳೆಯ ಆಯ್ಕೆ. ಆದರೆ ಅದನ್ನು ಕಾಯಿಲ್‌ನಿಂದ ಸುತ್ತುತ್ತಾರೆ. ಕಾಯಿಲ್ ಆಗಿ ಸುತ್ತಿಡಬಹುದಾದ ದಪ್ಪಕ್ಕೇ ಒಂದು ಮಿತಿ ಇದೆ, 25 ಎಂಎಂ ಆಸುಪಾಸಿಗೆ ಅದು ಮುಗಿಯುತ್ತದೆ.

ಅದಕ್ಕಿಂತ ದಪ್ಪಕ್ಕೆ ಎರಡು ದಾರಿ. ಒಂದು, ಎಲ್‌ಸಾ ಮಿಲ್‌ನಲ್ಲಿ ಉದ್ದುದ್ದ ಒಂದೇ ಸೀಮ್‌ನ 12 ಮೀಟರ್ ಪೈಪ್. ಇನ್ನೊಂದು, ಪ್ಲೇಟ್ ರೋಲಿಂಗ್ ಮೆಷಿನ್‌ನಲ್ಲಿ ಎರಡು ಮೂರು ಮೀಟರ್ ಉದ್ದದ ಕ್ಯಾನ್‌ಗಳನ್ನು ಸುತ್ತಿ, ಆಮೇಲೆ ಒಂದಕ್ಕೊಂದು ಸುತ್ತು ಬೆಸುಗೆಯಿಂದ ಜೋಡಿಸುವುದು. ಕಿಲೋಮೀಟರ್‌ಗಟ್ಟಲೆ ಒಂದೇ ಅಳತೆ ಬೇಕಾದರೆ ಮಿಲ್. ನಾಲ್ಕಾರು ಪೀಸ್, ಅದೂ ಒಂದೊಂದು ಒಂದೊಂದು ಅಳತೆ, ಅಥವಾ 60, 80 ಎಂಎಂ ದಪ್ಪ ಅಂದರೆ ರೋಲಿಂಗ್. ಪೆನ್‌ಸ್ಟಾಕ್, ಮೊನೊಪೈಲ್ ಎಲ್ಲ ಎರಡನೆಯ ದಾರಿಯವು.

ವೆಲ್ಡೆಡ್ ಅಂದ ಕೂಡಲೇ ಮೂಗು ಮುರಿಯುವವರು ಇದ್ದಾರೆ. ಅವರಿಗೆ ಒಂದು ಲೆಕ್ಕ ತೋರಿಸಿ. ಎಎಸ್‌ಟಿಎಂ ಎ106 ಸೀಮ್‌ಲೆಸ್ ಪೈಪ್‌ನ ಗೋಡೆ ಹೇಳಿದ್ದಕ್ಕಿಂತ ಶೇ 12.5 ಕಡಿಮೆ ಇದ್ದರೂ ಪಾಸ್. ಅಂದರೆ 40 ಎಂಎಂ ಕೇಳಿದರೆ ಎಲ್ಲೋ ಒಂದು ಕಡೆ 35 ಇರಬಹುದು. ಪ್ಲೇಟ್‌ಗೆ ಸಾಮಾನ್ಯವಾಗಿ ಬಿಡುವುದು 0.3 ಎಂಎಂ ಅಷ್ಟೇ. ಸೀಮ್ ಬಿಟ್ಟು ಉಳಿದ ಗೋಡೆ ನೀವು ಕೇಳಿದಷ್ಟೇ ದಪ್ಪ ಇರುತ್ತದೆ. ಸೀಮ್‌ನಲ್ಲಿ ದೋಷ ಇಲ್ಲದಂತೆ ನೋಡಿಕೊಂಡರೆ ಮುಗಿಯಿತು.

ಪ್ಲೇಟ್ ತರಿಸುವಾಗ

ಪ್ಲೇಟ್ ಅಗಲಕ್ಕೆ ಹೊರ ವ್ಯಾಸದಿಂದ ದಪ್ಪ ಕಳೆದು 3.1416ರಿಂದ ಗುಣಿಸಿ. 1000 ಎಂಎಂ ಪೈಪ್, 25 ಎಂಎಂ ಗೋಡೆ ಅಂದರೆ 975 ಗುಣಿಸು 3.1416, ಅಂದರೆ 3063 ಎಂಎಂ. ಹೊರ ಸುತ್ತಳತೆಗೆ ಕತ್ತರಿಸಿ ಆಮೇಲೆ ತಲೆ ಕೆರೆದುಕೊಳ್ಳುವವರಿಗೆ ಲೆಕ್ಕವಿಲ್ಲ. ದಪ್ಪ ಪ್ಲೇಟ್‌ನಲ್ಲಿ ಆ ವ್ಯತ್ಯಾಸ ತುಂಬಾ ದೊಡ್ಡದು. ಅಂಚು ಮಿಲ್ಲಿಂಗ್‌ಗೆ ಬೇಕಾದ ಮಾರ್ಜಿನ್ ಬೇರೆ ಬಿಡಿ.

ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಮೂರು ವಿಷಯ ನೋಡಿ. ಹೀಟ್ ನಂಬರ್, ಅಂದರೆ ಸ್ಟೀಲ್ ಕರಗಿಸಿದ ಬ್ಯಾಚ್‌ನ ನಂಬರ್, ಪ್ಲೇಟ್ ಮೇಲಿನ ಪಂಚ್‌ಗೆ ಹೊಂದುತ್ತದಾ, ಅಲ್ಟ್ರಾಸಾನಿಕ್ ಟೆಸ್ಟ್ ಆಗಿದೆಯಾ, ಕಾರ್ಬನ್ ಈಕ್ವಿವಲೆಂಟ್ ಎಷ್ಟು. ಕೊನೆಯದನ್ನು ನೀವೇ ಲೆಕ್ಕ ಹಾಕಬಹುದು: ಕಾರ್ಬನ್, ಅದಕ್ಕೆ ಮ್ಯಾಂಗನೀಸ್‌ನ ಆರನೇ ಒಂದು ಭಾಗ, ಕ್ರೋಮಿಯಂ ಮಾಲಿಬ್ಡಿನಂ ವೆನೇಡಿಯಂ ಮೂರರ ಮೊತ್ತದ ಐದನೇ ಒಂದು, ನಿಕಲ್ ತಾಮ್ರದ ಮೊತ್ತದ ಹದಿನೈದನೇ ಒಂದು, ಎಲ್ಲ ಕೂಡಿಸಿ. ತೈಲ, ಗ್ಯಾಸ್ ಲೈನ್ ಪೈಪ್‌ಗಳ ಸ್ಟ್ಯಾಂಡರ್ಡ್ ಆದ ಎಪಿಐ 5ಎಲ್‌ನ ಪಿಎಸ್‌ಎಲ್2 ದರ್ಜೆಯ ವೆಲ್ಡೆಡ್ ಪೈಪ್‌ಗೆ ಸಾಮಾನ್ಯವಾಗಿ ಇಟ್ಟಿರುವ ಮಿತಿ 0.43. ಅದು ಏರಿದಷ್ಟೂ ವೆಲ್ಡರ್‌ಗೆ ಕಷ್ಟ.

ಪ್ಲೇಟ್ ಮಧ್ಯದಲ್ಲಿ ಪದರ ಬಿಟ್ಟಿದ್ದರೆ, ಅಂದರೆ ಲ್ಯಾಮಿನೇಶನ್ ಇದ್ದರೆ, ಬಗ್ಗಿಸಿದ ಮೇಲೆ ಏನೂ ಮಾಡಲಾಗದು. ಅದಕ್ಕೇ ಅಲ್ಟ್ರಾಸಾನಿಕ್ ಮೊದಲೇ ಆಗಬೇಕು. ತೈಲ ವೇದಿಕೆಯ ಕಾಲಿನಂತೆ ಒಂದು ಪೈಪ್‌ನ ಗೋಡೆಗೆ ಇನ್ನೊಂದು ಪೈಪ್ ಬಂದು ಬೆಸೆಯುವ ಕಡೆ, ಗೋಡೆಯನ್ನು ದಪ್ಪದ ದಿಕ್ಕಿನಲ್ಲೇ ಎಳೆದಂತಾಗುತ್ತದೆ. ಅಲ್ಲಿಗೆ ಆ ದಿಕ್ಕಿನ ಎಳೆತಕ್ಕೆ ಟೆಸ್ಟ್ ಮಾಡಿದ ಝಡ್35 ಪ್ಲೇಟ್ ಕೇಳಿ. ಎಲ್ಲ ಕಡೆಗೂ ಸುಮ್ನೆ ಝಡ್35 ಬರೆಯುವುದು ದುಡ್ಡು ದಂಡ.

ಬಗ್ಗಿಸುವುದು

ಮಿಲ್‌ನಲ್ಲಿ ಜೆಸಿಒಇ ಅಂತ ಒಂದು ಕ್ರಮ ಇದೆ. ಮೊದಲು ಎರಡೂ ಅಂಚನ್ನು ಮಿಲ್ಲಿಂಗ್ ಮಾಡಿ ಬೆವಲ್, ಅಂದರೆ ಬೆಸುಗೆಗೆ ಬೇಕಾದ ಓರೆ ಕೊಡುತ್ತಾರೆ. ಅಂಚನ್ನು ಸ್ವಲ್ಪ ಬಗ್ಗಿಸಿಡುತ್ತಾರೆ, ಇಲ್ಲದಿದ್ದರೆ ಪ್ರೆಸ್‌ಗೆ ಸಿಗದ ಆ ತುದಿ ಚಪ್ಪಟೆಯಾಗಿಯೇ ಉಳಿದು ಪೈಪ್ ಸೀಮ್ ಹತ್ತಿರ ಚೂಪಾಗುತ್ತದೆ. ಆಮೇಲೆ ಪ್ರೆಸ್ ಒಂದು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬರುತ್ತದೆ. ಅರ್ಧ ಪ್ಲೇಟ್ ಆದಾಗ ಜೆ ಆಕಾರ, ಇನ್ನೊಂದು ಅಂಚಿನಿಂದ ಒತ್ತಿದಾಗ ಸಿ, ಮಧ್ಯಕ್ಕೆ ಕೊನೆಯ ಒತ್ತು ಬಿದ್ದಾಗ ಒ. ಬೆಸುಗೆ ಎಲ್ಲ ಆದ ಮೇಲೆ ಪೈಪ್ ಒಳಗೆ ಎಕ್ಸ್‌ಪ್ಯಾಂಡರ್ ತೂರಿಸಿ ಸುಮಾರು ಶೇ 1ರಷ್ಟು ಹಿಗ್ಗಿಸುತ್ತಾರೆ. ಅದು ಕೊನೆಯ ಇ. ಇದರಿಂದ ಪೈಪ್ ದುಂಡಗಾಗುತ್ತದೆ, ನೆಟ್ಟಗಾಗುತ್ತದೆ.

ರೋಲಿಂಗ್ ಶಾಪ್‌ನಲ್ಲಿ ಎಕ್ಸ್‌ಪ್ಯಾಂಡರ್ ಇರುವುದಿಲ್ಲ. ಅಲ್ಲಿ ಸೀಮ್ ಬೆಸೆದ ಮೇಲೆ ಕ್ಯಾನ್ ಅನ್ನು ಮತ್ತೆ ರೋಲರ್‌ಗೆ ಹಾಕಿ ದುಂಡು ಮಾಡಬೇಕು. ಈ ರೀರೋಲಿಂಗ್ ತಪ್ಪಿಸಿದರೆ ಕ್ಯಾನ್‌ಗೆ ಕ್ಯಾನ್ ಜೋಡಿಸುವಾಗ ಜ್ಯಾಕ್, ಬೆಣೆ, ಸುತ್ತಿಗೆ ಅಂತ ದಿನವೇ ಹೋಗುತ್ತದೆ.

ತಣ್ಣಗೆ ಬಗ್ಗಿಸಬಹುದಾ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ದಪ್ಪವನ್ನು 50ರಿಂದ ಗುಣಿಸಿ, ಗೋಡೆಯ ನಡು ತ್ರಿಜ್ಯದಿಂದ ಭಾಗಿಸಿ. ಹೊರ ಮೈ ಎಷ್ಟು ಶೇಕಡಾ ಹಿಗ್ಗುತ್ತದೆ ಅಂತ ಗೊತ್ತಾಗುತ್ತದೆ. 1000 ಎಂಎಂ, 25 ಎಂಎಂ ಪೈಪ್‌ಗೆ 2.6. ಏನೂ ಚಿಂತೆಯಿಲ್ಲ. ಮೊದಲು ಹೇಳಿದ 20 ಇಂಚಿನ 50 ಎಂಎಂ ಪೈಪ್‌ಗೆ ಹೆಚ್ಚುಕಮ್ಮಿ 11! ಪ್ರೆಶರ್ ವೆಸೆಲ್ ಕೋಡ್‌ನಲ್ಲಿ ಈ ದಪ್ಪದ ಕಾರ್ಬನ್ ಸ್ಟೀಲ್‌ಗೆ 5 ದಾಟಿದರೆ ಹೀಟ್ ಟ್ರೀಟ್‌ಮೆಂಟ್ ಕೇಳುತ್ತಾರೆ. ಅಷ್ಟು ದಪ್ಪದ ಸಣ್ಣ ಪೈಪ್ ಮಾಡಿಸಲು ಹೊರಟವರು ಈ ಖರ್ಚನ್ನು ಕೊಟೇಶನ್ ಹಂತದಲ್ಲೇ ಸೇರಿಸಿ.

ಬೆಸುಗೆ

ಇಲ್ಲಿಗೆ ಬಂದ ಮೇಲೆ ಅವಸರ ಬೇಡ. ದಪ್ಪ ಪೈಪ್‌ನ ಹಣೆಬರಹ ಬರೆಯುವುದು ಇಲ್ಲೇ.

ಆಗಲೇ ಹೇಳಿದ ಲೆಕ್ಕ ಈಗ. ಒಂದೇ ಕಡೆಯಿಂದ 60 ಡಿಗ್ರಿ ವಿ ಗ್ರೂವ್ ಮಾಡಿದರೆ ತುಂಬಬೇಕಾದ ಜಾಗ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12 ಎಂಎಂ ಪ್ಲೇಟ್‌ಗೆ ಒಂದು ಮೀಟರ್ ಸೀಮ್‌ಗೆ ಸುಮಾರು 0.65 ಕೆಜಿ ಲೋಹ. 40 ಎಂಎಂಗೆ 7.2 ಕೆಜಿ. ದಪ್ಪ ಮೂರೂಕಾಲು ಪಟ್ಟು, ಬೆಸುಗೆ ಹನ್ನೊಂದು ಪಟ್ಟು! ಅದೇ 40 ಎಂಎಂಗೆ ಎರಡೂ ಕಡೆಯಿಂದ ಸಮನಾಗಿ ವಿ ಕೊಟ್ಟರೆ 3.6 ಕೆಜಿಗೆ ಇಳಿಯುತ್ತದೆ. ಲೋಹ ಕಡಿಮೆ ಅಂದರೆ ಬಿಸಿ ಕಡಿಮೆ, ಎಳೆತ ಕಡಿಮೆ, ಸೊಟ್ಟ ಆಗುವುದೂ ಕಡಿಮೆ. ಹಾಗಾಗಿ ಒಳಗೆ ಕೈ ಹೋಗುವಷ್ಟು ಜಾಗ ಇದ್ದರೆ ಡಬಲ್ ವಿ ಬಿಟ್ಟು ಬೇರೆ ಯೋಚಿಸಬೇಡಿ.

ಸೀಮ್‌ಗೆ ಬಳಸುವುದು ಸಬ್‌ಮರ್ಜ್ಡ್ ಆರ್ಕ್, ಶಾಪ್‌ನಲ್ಲಿ ಎಲ್ಲರ ಬಾಯಲ್ಲಿ ಸಾ ವೆಲ್ಡಿಂಗ್. ಫ್ಲಕ್ಸ್ ಪುಡಿಯ ಅಡಿಯಲ್ಲಿ ಆರ್ಕ್ ಉರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮಿಲ್‌ನಲ್ಲಿ ನಾಲ್ಕೈದು ತಂತಿ ಒಟ್ಟಿಗೆ ಓಡಿಸಿ ಒಳಗೆ ಒಂದು, ಹೊರಗೆ ಒಂದು ಓಟದಲ್ಲಿ ಮುಗಿಸುತ್ತಾರೆ. ಶಾಪ್‌ನಲ್ಲಿ ಒಂದು ಅಥವಾ ಎರಡು ತಂತಿಯಲ್ಲಿ ಪಾಸ್ ಮೇಲೆ ಪಾಸ್ ಹಾಕಬೇಕು.

ಕ್ರಮ ಹೀಗಿರಲಿ. ಸೀಮ್‌ನ ಎರಡೂ ತುದಿಗೆ ಅದೇ ದಪ್ಪದ, ಅದೇ ಬೆವಲ್‌ನ ತುಂಡು ಪ್ಲೇಟ್ ಹಚ್ಚಿ. ಬೆಸುಗೆ ಶುರುವಾಗುವ ಮತ್ತು ನಿಲ್ಲುವ ಜಾಗದ ಗುಂಡಿಗಳು, ಬಿರುಕುಗಳು ಆ ತುಂಡಿನಲ್ಲಿ ಉಳಿಯುತ್ತವೆ, ಆಮೇಲೆ ಕತ್ತರಿಸಿ ಬಿಸಾಡಿ. ಟ್ಯಾಕ್, ಅಂದರೆ ಹಿಡಿದಿಡುವ ಚಿಕ್ಕ ಬೆಸುಗೆ, ಹಾಕುವಾಗಲೂ ಮೊದಲೇ ಲೋಹ ಬಿಸಿ ಮಾಡಿ, ಅದೇ ಪ್ರೀಹೀಟ್. ಒಳಗಿನ ಬೆಸುಗೆ ಮುಗಿಸಿ. ಹೊರಗಿನಿಂದ ರೂಟ್ ಅನ್ನು, ಅಂದರೆ ಬೆಸುಗೆಯ ಬುಡವನ್ನು, ಗೌಜ್ ಮಾಡಿ ಕೊರೆದು ತೆಗೆದು, ಹೊಳೆಯುವ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ, ಡೈ ಪೆನೆಟ್ರಂಟ್ ಅಥವಾ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಹಾಕಿ ನೋಡಿ. ಬಿರುಕಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಹೊರಗಿನ ಪಾಸ್. ಗೌಜಿಂಗ್ ಆದ ಕೂಡಲೇ ಟೆಸ್ಟ್ ಬಿಟ್ಟು ತುಂಬಿಸಿಬಿಡುವ ಚಪಲ ಎಲ್ಲ ಶಾಪ್‌ನಲ್ಲೂ ಇದೆ, ಅದರಲ್ಲೂ ಡಿಸ್ಪ್ಯಾಚ್ ದಿನ ಹತ್ತಿರ ಬಂದಾಗ.

ಪ್ರೀಹೀಟ್ ಯಾಕೆ ಬೇಕು? ದಪ್ಪ ಪ್ಲೇಟ್ ಬೆಸುಗೆಯ ಬಿಸಿಯನ್ನು ಎಲ್ಲ ದಿಕ್ಕಿನಿಂದಲೂ ಹೀರಿಕೊಳ್ಳುತ್ತದೆ. ಪಕ್ಕದ ಲೋಹ ಬೇಗ ತಣ್ಣಗಾಗಿ ಗಡಸಾಗುತ್ತದೆ. ಫ್ಲಕ್ಸ್‌ನ ತೇವದಿಂದ, ಎಣ್ಣೆ ತುಕ್ಕಿನಿಂದ ಒಳಗೆ ಸೇರಿದ ಹೈಡ್ರೋಜನ್ ಹೊರಗೆ ಹೋಗಲು ಸಮಯ ಸಿಗದೆ ಅಲ್ಲೇ ಉಳಿಯುತ್ತದೆ. ಗಡಸು ಲೋಹ, ಹೈಡ್ರೋಜನ್, ದಪ್ಪ ಗೋಡೆಯ ಎಳೆತ, ಮೂರೂ ಸೇರಿದರೆ ಬಿರುಕು ಗ್ಯಾರಂಟಿ. ಅದೂ ಕೂಡಲೇ ಅಲ್ಲ. ಗಂಟೆಗಳ ನಂತರ, ಕೆಲವೊಮ್ಮೆ ಮಾರನೇ ದಿನ. ಸಂಜೆ ಪಾಸಾದ ಸೀಮ್ ಬೆಳಿಗ್ಗೆ ಸೀಳಿರುತ್ತದೆ. ಅದಕ್ಕೇ ದಪ್ಪ ಸೀಮ್‌ನ ಅಲ್ಟ್ರಾಸಾನಿಕ್ ಅನ್ನು ಬೆಸುಗೆ ಮುಗಿದ 48 ಗಂಟೆ ಬಿಟ್ಟು ಮಾಡುವುದು ಒಳ್ಳೆಯದು.

ಎಷ್ಟು ಡಿಗ್ರಿ ಅನ್ನುವುದನ್ನು ಡಬ್ಲ್ಯೂಪಿಎಸ್, ಅಂದರೆ ಆ ಕೆಲಸದ ವೆಲ್ಡಿಂಗ್ ವಿಧಾನದ ಹಾಳೆ, ಹೇಳುತ್ತದೆ. ಗ್ರೇಡ್ ಮತ್ತು ದಪ್ಪ ನೋಡಿ ಸಾಮಾನ್ಯವಾಗಿ 65ರಿಂದ 150 ಡಿಗ್ರಿ ನಡುವೆ ಇರುತ್ತದೆ. ಟೆಂಪರೇಚರ್ ಚಾಕ್ ಅನ್ನು ಜಾಯಿಂಟ್ ಮೇಲೆ ಎಳೆಯಬೇಡಿ, ಅಲ್ಲಿಂದ 75 ಎಂಎಂ ದೂರದಲ್ಲಿ, ಆದಷ್ಟೂ ಬರ್ನರ್ ಇಟ್ಟ ಬದಿಯ ಹಿಂಬದಿಯಲ್ಲಿ ಎಳೆಯಿರಿ. ಬರ್ನರ್ ಬದಿಯ ಮೈ ಮಾತ್ರ ಬಿಸಿಯಾಗಿ ಒಳಗೆ ತಣ್ಣಗಿರುವುದು ಮಾಮೂಲು. ಫ್ಲಕ್ಸ್ ಅನ್ನು ಅದರ ಚೀಲದ ಮೇಲೆ ಬರೆದಂತೆ ಒಣಗಿಸಿ, ಹೆಚ್ಚಿನವಕ್ಕೆ 300–350 ಡಿಗ್ರಿ ಬೇಕು. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆ ತೆರೆದಿಟ್ಟ ಫ್ಲಕ್ಸ್ ಚೀಲ ರಾತ್ರಿ ಬೆಳಗಾಗುವುದರೊಳಗೆ ತೇವ ಹಿಡಿದಿರುತ್ತದೆ. ರಿಪೇರಿಗೆ ಬಳಸುವ 7018 ರಾಡ್‌ಗೂ ಇದೇ ಮಾತು.

ಇನ್ನೊಂದು ಬಿರುಕು ಬೇರೆ ತರಹದ್ದು. ಬೇಗ ತುಂಬಿಸೋಣ ಅಂತ ಕರೆಂಟ್ ಏರಿಸಿದಾಗ ಬೆಸುಗೆ ಕಿರಿದಾಗಿ, ಆಳವಾಗಿ ಇಳಿಯುತ್ತದೆ. ಆಳ ಅಗಲಕ್ಕಿಂತ ಜಾಸ್ತಿ ಆದರೆ ಲೋಹ ಎರಡೂ ಬದಿಯಿಂದ ಗಟ್ಟಿಯಾಗುತ್ತಾ ಬಂದು ನಡುವೆ ಉದ್ದಕ್ಕೆ ಸೀಳು ಉಳಿಯುತ್ತದೆ. ಬೀಡ್ ಆಳಕ್ಕಿಂತ ಅಗಲವೇ ಸ್ವಲ್ಪ ಹೆಚ್ಚಿರುವಂತೆ ನೋಡಿಕೊಳ್ಳಿ.

ಬೆಸುಗೆ ಆದ ಮೇಲೆ ಸ್ಟ್ರೆಸ್ ರಿಲೀವಿಂಗ್ ಬೇಕಾ? ಪೈಲ್‌ಗೆ ಸಾಮಾನ್ಯವಾಗಿ ಬೇಡ. ಒತ್ತಡದ ಕೆಲಸಕ್ಕೆ ಕೋಡ್ ನೋಡಿ. ಪ್ರೆಶರ್ ವೆಸೆಲ್ ಕೋಡ್‌ನಲ್ಲಿ ಕಾರ್ಬನ್ ಸ್ಟೀಲ್‌ಗೆ 38 ಎಂಎಂ ಒಂದು ಮುಖ್ಯ ಗಡಿ. ಬೇಕಾದಲ್ಲಿ 600 ಡಿಗ್ರಿ ಆಸುಪಾಸಿಗೆ ನಿಧಾನವಾಗಿ ಏರಿಸಿ, ಪ್ರತಿ 25 ಎಂಎಂ ದಪ್ಪಕ್ಕೆ ಒಂದು ಗಂಟೆ ಹಿಡಿದು, ನಿಧಾನವಾಗಿಯೇ ಇಳಿಸಬೇಕು. ಪೆನ್‌ಸ್ಟಾಕ್ ಉದಾಹರಣೆಗೆ ವಾಪಸ್ ಹೋಗಿ ನೋಡಿ: 40 ಎಂಎಂ ಆಗಿದ್ದರೆ ಆ ಗಡಿ ದಾಟುತ್ತಿತ್ತು, 30 ಎಂಎಂಗೆ ದಾಟುವುದಿಲ್ಲ.

ಟೆಸ್ಟ್

ಸೀಮ್ ಪೂರ್ತಿ ಅಲ್ಟ್ರಾಸಾನಿಕ್ ಆಗಲಿ, ಅನುಮಾನ ಇದ್ದಲ್ಲಿ ಮತ್ತು ತುದಿಗಳಲ್ಲಿ ಎಕ್ಸ್‌ರೇ. ಎಕ್ಸ್‌ರೇ ಒಂದೇ ನಂಬಬೇಡಿ. ದಪ್ಪ ಗೋಡೆಯಲ್ಲಿ ಓರೆಯಾಗಿ ನಿಂತ ಸಣ್ಣ ಬಿರುಕು ಫಿಲ್ಮ್‌ನಲ್ಲಿ ಕಾಣದೆ ಹೋಗಬಹುದು.

ಆಮೇಲೆ ನೀರಿನ ಒತ್ತಡದ ಪರೀಕ್ಷೆ. ಎಪಿಐ 5ಎಲ್ ದೊಡ್ಡ ಪೈಪ್‌ಗಳಲ್ಲಿ ಸ್ಟೀಲ್‌ನ ಯೀಲ್ಡ್‌ನ, ಅಂದರೆ ಸ್ಟೀಲ್ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಸ್ಟ್ರೆಸ್‌ನ, ಶೇ 90ರವರೆಗೆ ಬರುವಷ್ಟು ಒತ್ತಡ ಕೊಟ್ಟು ನೋಡುತ್ತಾರೆ. ನೀರು ತುಂಬುವಾಗ ಮೇಲಿನ ವೆಂಟ್‌ನಿಂದ ಗಾಳಿ ಪೂರ್ತಿ ಹೋಗಲಿ. ಪಂಪ್ ಇಲ್ಲ, ಕಂಪ್ರೆಸರ್ ಇದೆ, ಗಾಳಿಯಲ್ಲೇ ಟೆಸ್ಟ್ ಮಾಡೋಣ ಅನ್ನುವವರ ಮಾತು ಕೇಳಲೇಬೇಡಿ. ನೀರು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಪೈಪ್ ಬಿರಿದರೆ ಒತ್ತಡ ಅಲ್ಲಿಗೇ ಬಿದ್ದುಹೋಗುತ್ತದೆ. ಗಾಳಿ ಹಾಗಲ್ಲ, ಅದು ಬಾಂಬ್.

ಸೈಟ್‌ಗೆ ಬಂದ ಮೇಲೆ

ಮೊದಲು ತೂಕ. ಹೊರ ವ್ಯಾಸದಿಂದ ದಪ್ಪ ಕಳೆದು, ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿ. ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಬರುತ್ತದೆ. 1000 ಎಂಎಂ, 25 ಎಂಎಂ ಪೈಪ್ ಮೀಟರ್‌ಗೆ 601 ಕೆಜಿ, 12 ಮೀಟರ್‌ಗೆ 7.2 ಟನ್. ಕ್ರೇನ್ ಕರೆಸುವ ಮೊದಲು ಈ ಲೆಕ್ಕ ಹಾಕಿ, ಬೂಮ್ ಎಷ್ಟು ದೂರ ಚಾಚಬೇಕು ಅನ್ನುವುದನ್ನೂ ಸೇರಿಸಿ. ಕೋಟಿಂಗ್ ಆದ ಪೈಪ್‌ಗೆ ಅಗಲದ ಬೆಲ್ಟ್ ಹಾಕಿ, ಚೈನ್ ಬೇಡ.

ಎರಡು ಪೈಪ್ ಜೋಡಿಸುವಾಗ ಉದ್ದ ಸೀಮ್‌ಗಳು ಒಂದೇ ಗೆರೆಯಲ್ಲಿ ಬರದಂತೆ ತಿರುಗಿಸಿಕೊಳ್ಳಿ. ಹೂಳುವ ಪೈಪ್ ಆದರೆ ಸೀಮ್ ಮೇಲ್ಭಾಗದಲ್ಲಿ, ಗಡಿಯಾರದ 10ರಿಂದ 2ರ ನಡುವೆ ಇರಲಿ. ಆಮೇಲೆ ಅಗೆದು ನೋಡಬೇಕಾಗಿ ಬಂದರೆ ಕೈಗೆ ಸಿಗುತ್ತದೆ. ಬ್ರಾಂಚ್‌ಗೆ ತೂತು ಕೊರೆಯುವಾಗ ಸೀಮ್‌ನಿಂದ ದೂರ ಇರಿ.

ದಪ್ಪ ಪೈಪ್‌ಗೆ ತೆಳು ಪೈಪ್ ಸೇರುವ ಕಡೆ ದಪ್ಪದ್ದರ ತುದಿಯನ್ನು ಇಳಿಜಾರಾಗಿ ಕೆತ್ತಿ, 1 ಎಂಎಂ ಇಳಿಯಲು 4 ಎಂಎಂ ಉದ್ದ ಸಿಗುವಂತೆ. ಮೆಟ್ಟಿಲಿನಂತೆ ಬಿಟ್ಟರೆ ಸ್ಟ್ರೆಸ್ ಎಲ್ಲ ಆ ಮೂಲೆಗೇ ಬಂದು ಸೇರುತ್ತದೆ. ಸೈಟ್ ಜಾಯಿಂಟ್‌ಗೂ ಶಾಪ್‌ನಲ್ಲಿ ಹೇಳಿದ ಪ್ರೀಹೀಟ್, ಒಣ ರಾಡ್, ಕಾಯುವಿಕೆ ಎಲ್ಲ ಅನ್ವಯ. ಗಾಳಿ ಮಳೆ ಇರುವ ಕಡೆ ಟೆಂಟ್ ಕಟ್ಟದೆ ರೂಟ್ ಪಾಸ್ ಶುರು ಮಾಡಬೇಡಿ, ಅರ್ಧಕ್ಕೆ ನಿಲ್ಲಿಸಿ ಊಟಕ್ಕೂ ಹೋಗಬೇಡಿ.

ದಪ್ಪ ಇದೆ, ತುಕ್ಕು ಹಿಡಿದರೂ ಏನಾಗಲ್ಲ ಅಂತ ಕೋಟಿಂಗ್‌ನಲ್ಲಿ ಜುಗ್ಗತನ ಮಾಡುವವರಿದ್ದಾರೆ. ತುಕ್ಕು ಗೋಡೆಯನ್ನೆಲ್ಲ ಸಮನಾಗಿ ತಿನ್ನುವುದಿಲ್ಲ, ಒಂದೇ ಕಡೆ ಗುಂಡಿ ತೋಡುತ್ತದೆ. ಹೂಳುವ ಗ್ಯಾಸ್, ತೈಲ ಲೈನ್‌ಗೆ ಮೂರು ಪದರದ ಪಾಲಿಎಥಿಲೀನ್ ಕೋಟಿಂಗ್ ಜೊತೆಗೆ, ಸಣ್ಣ ಕರೆಂಟ್‌ನಿಂದ ತುಕ್ಕು ತಡೆಯುವ ಕ್ಯಾಥೋಡಿಕ್ ಪ್ರೊಟೆಕ್ಷನ್ ಹಾಕುತ್ತಾರೆ. ನೀರಿನ ಲೈನ್‌ಗೆ ಒಳಗೆ ಸಿಮೆಂಟ್ ಅಥವಾ ಎಪಾಕ್ಸಿ ಲೈನಿಂಗ್.

ಕೆಲಸ ಮುಗಿದ ಮೇಲೆ ತುಂಡು ಪೈಪ್ ಉಳಿಯುತ್ತದೆ. ಕತ್ತರಿಸುವ ಮೊದಲು ಹೀಟ್ ನಂಬರ್ ಮತ್ತು ಪೈಪ್ ನಂಬರ್ ಅನ್ನು ಉಳಿಯುವ ತುಂಡಿನ ಮೇಲೂ ಪಂಚ್ ಮಾಡಿಸಿ, ಸರ್ಟಿಫಿಕೇಟ್‌ನ ಕಾಪಿ ಫೈಲ್‌ನಲ್ಲಿಡಿ. ನಂಬರ್ ಇರುವ ಎರಡು ಮೀಟರ್ ತುಂಡು ಮುಂದಿನ ಕೆಲಸಕ್ಕೆ ಬರುತ್ತದೆ. ನಂಬರ್ ಇಲ್ಲದ ಆರು ಮೀಟರ್ ಗುಜರಿಗೆ, ಕೆಜಿ ಲೆಕ್ಕದಲ್ಲಿ.